ಮೂರನೇ ಸಾಲಿನ ಇಲಿ

ಜನವರಿ 10

ಇವತ್ತಿನಿಂದ ದಿನಚರಿ ಬರೆಯುತ್ತೇನೆ. ಯಾರಾದರೂ ನೋಯಿಸಿದರೆ ಎರಡು ದಿನ ಅಳುವುದು, ಮೂರನೆಯ ದಿನ ಅವರೇ ಎದುರಿಗೆ ಸಿಕ್ಕರೆ ಹಲ್ಲು ಬಿಟ್ಟು ನಗುವುದು ನನ್ನ ಹುಟ್ಟುಗುಣ. ಈ ಸಲ ಹಾಗಾಗಬಾರದು. ಮರೆಯದಿರಲಿ ಎಂದೇ ಈ ಬರವಣಿಗೆ.

ಬಣ್ಣದ ಅಂಗಡಿಯ ಮಹಡಿಯ ಮೇಲಿರುವ ತಾಲೀಮು ಕೋಣೆಗೆ ಹೋಗಿದ್ದೆ. ಹೊಸ ನಾಟಕಕ್ಕೆ ಆಯ್ಕೆ ನಡೆಯುತ್ತಿತ್ತು. ನನಗೆ ಕೊಟ್ಟದ್ದು ಕೆಲಸದವಳ ಪಾತ್ರ. ಇಡೀ ನಾಟಕಕ್ಕೆ ಒಂದೇ ಮಾತು: "ಯಜಮಾನರು ಮನೆಯಲ್ಲಿಲ್ಲ." ಸಾಹಿತ್ಯದಲ್ಲಿ ಎಂ.ಎ. ಮಾಡಿದವಳಿಗೆ ಇದು ಸಾಕೇ ಎಂದು ಯಾರಾದರೂ ಕೇಳಬಹುದು. ನನಗೆ ಅದೇ ಹೆಚ್ಚು. ಬಸ್ಸು ನಿಲ್ಲಿಸಿ ಎಂದು ಹೇಳಲು ಬಾಯಿ ಬರದೆ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು.

ನಿರ್ದೇಶಕ ಕೋಣೆಯ ಕೊನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಾರೆ. ಎದುರಿಗೆ ನಾನೂ ಹಾಗೇ ಅನ್ನಬೇಕು. ಇಲ್ಲಿ ಮಾತ್ರ ಏಕವಚನ. ಈ ಪುಸ್ತಕ ನನ್ನದು.

ಹೇಳಿದೆ. "ಕೇಳಿಸಲಿಲ್ಲ" ಅಂದ. ಇನ್ನೊಮ್ಮೆ ಹೇಳಿದೆ. "ಕೇಳಿಸಲಿಲ್ಲ." ಮತ್ತೆ ಹೇಳಿದೆ. ಗೋಡೆಗೆ ಒರಗಿ ನಿಂತಿದ್ದವರು ನಗಲು ಶುರುಮಾಡಿದರು. ಎಷ್ಟು ಸಲ ಹೇಳಿಸಿದನೋ, ಕೊನೆಗೆ ನನಗೇ ನನ್ನ ಮಾತು ಕೇಳಿಸಲಿಲ್ಲ. ಆಮೇಲೆ ಅವನು ಮೂಗಿನಲ್ಲಿ ಕೀಚಲಾಗಿ, ನನ್ನ ಹಾಗೇ, "ಯಜಮಾನರು ಮನೇಲಿಲ್ಲ" ಅಂದು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಇಲಿಮರಿ, ನೀನು ಗೋಡೌನಿಗೆ ಹೋಗಮ್ಮ, ಚೀಲ ಕಡಿ. ನಾಟಕ ಬೇಡ" ಅಂದು ಚಿಟಿಕೆ ಹೊಡೆದ. "ಮುಂದಿನವರು ಬರಲಿ!"

ಇಲಿಮರಿಯಂತೆ. ಕಡಿದರೆ ಏನಾಗುತ್ತದೆಂದು ತೋರಿಸುತ್ತೇನೆ.

ಜನವರಿ 11

ಚಿಕ್ಕಮ್ಮನಿಗೆ ಹೇಳಿದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ದಿನವಿಡೀ ಮಷೀನಿನ ಸದ್ದಿಗಿಂತ ಜೋರಾಗಿ ಮಾತಾಡಿ ಅಭ್ಯಾಸವಾಗಿರುವುದರಿಂದ ಅವಳ ಗುಟ್ಟು ಕೂಡ ಎದುರು ಮನೆಯವರಿಗೆ ಗೊತ್ತಾಗುತ್ತದೆ.

"ಅವನ ಹೆಸರು ಈ ಮನೇಲಿ ಯಾರೂ ಎತ್ತಬಾರದು" ಅಂದೆ.

"ಏನಂದೆ? ಜೋರಾಗಿ ಹೇಳೇ."

ಅವಳೂ! ಎದ್ದು ಒಳಗೆ ಬಂದೆ. ಹಿಂದಿನಿಂದ ಅವಳ ಕೂಗು: "ಕೇಳಿಸ್ತು ಕಣೇ, ಎತ್ತಲ್ಲ! ಊಟ ಮಾಡು ಬಾ!"

ಜನವರಿ 28

ನಾನು ಕರಡು ತಿದ್ದುವ ಪತ್ರಿಕೆಯಲ್ಲಿ ನಾಟಕ ವಿಮರ್ಶೆ ಬರೆಯುತ್ತಿದ್ದ ಹಿರಿಯರು ಕಣ್ಣಿನ ತೊಂದರೆಯಿಂದ ನಿಲ್ಲಿಸಿಬಿಟ್ಟರು. ಭಾನುವಾರದ ಪುರವಣಿ ನೋಡಿಕೊಳ್ಳುವ ಸಂಪಾದಕರಿಗೆ ನಾವು ಇಟ್ಟಿರುವ ಹೆಸರು ಕತ್ತರಿ. ಏನು ಬರೆದುಕೊಟ್ಟರೂ ಅರ್ಧಕ್ಕೆ ಇಳಿಸುತ್ತಾರೆ. ಅವರ ಮೇಜಿನ ಹತ್ತಿರ ಎಷ್ಟೋ ಹೊತ್ತು ನಿಂತಿದ್ದೆ.

"ಏನಮ್ಮ, ಬೀರು ತರ ನಿಂತಿದೀಯಲ್ಲ?"

"ನಾಟಕ... ನಾನು... ಬರೀಲಾ ಸಾರ್?"

ಕನ್ನಡಕದ ಮೇಲಿಂದ ನೋಡಿದರು. "ಶನಿವಾರ ಸಂಜೆ ನಾಟಕ, ಭಾನುವಾರ ಬೆಳಿಗ್ಗೆ ಪುರವಣಿ. ಪುಟ ಕಟ್ಟೋ ಹೊತ್ತಿಗೆ ನನ್ನ ಕೈಯಲ್ಲಿರಬೇಕು. ಆಗತ್ತಾ?"

ಆಗುತ್ತದೆ ಅಂದೆ. ಹೆಸರು ಹಾಕಬೇಡಿ ಅಂದೆ. ಹಿರಿಯರಿಗೆ ರಂಗಮಂದಿರದಲ್ಲಿ ಮೂರನೇ ಸಾಲಿನ ತುದಿ ಕುರ್ಚಿ ಕಾಯಂ ಇತ್ತು. ಅದು ಈಗ ನನ್ನದು. ಅಂಕಣದ ಹೆಸರೂ ಅದೇ: "ಮೂರನೇ ಸಾಲು".

ಬಾಯಿಂದ ಬರದ ಮಾತು ಕೈಯಿಂದ ಬರುತ್ತದೆ. ಬರಲಿ ಅವನ ನಾಟಕ.

ಫೆಬ್ರವರಿ 8

ಬಂತು! ನಿನ್ನೆ ಅವನ ನಾಟಕ, ಇವತ್ತು ನನ್ನ ವಿಮರ್ಶೆ. ಕತ್ತರಿ ಸಾರ್ ಒಂದಕ್ಷರ ಕತ್ತರಿಸಿಲ್ಲ. ಇಷ್ಟವಾದ ಸಾಲನ್ನು ಇಲ್ಲಿ ಇನ್ನೊಮ್ಮೆ ಬರೆದುಕೊಳ್ಳುತ್ತೇನೆ: "ವೇದಿಕೆಯ ಮೇಲೆ ನಟರೂ ಇದ್ದರು, ಕುರ್ಚಿಗಳೂ ಇದ್ದವು. ಕುರ್ಚಿಗಳ ಅಭಿನಯ ಸಂಯಮದಿಂದ ಕೂಡಿತ್ತು. ನಿರ್ದೇಶಕರ ಸೂಚನೆಯನ್ನು ಅವು ಪಾಲಿಸದೇ ಇದ್ದದ್ದು ಇದಕ್ಕೆ ಕಾರಣವಿರಬಹುದು."

ಕೆಲಸದವಳ ಪಾತ್ರಕ್ಕೆ ಅವನು ಆರಿಸಿದ ಹುಡುಗಿ "ಯಜಮಾನರು ಮನೆಯಲ್ಲಿಲ್ಲ" ಎಂದು ಕಿರುಚಿದಳು. ಅದಕ್ಕೆ ಬರೆದೆ: "ಯಜಮಾನರು ಪಕ್ಕದ ಊರಿನಲ್ಲಿದ್ದರೂ ಈ ಮಾತು ಕೇಳಿ ಓಡಿ ಬಂದಿರಬೇಕು."

ಚಿಕ್ಕಮ್ಮ ಓದಿ, ಮಷೀನು ನಿಲ್ಲಿಸಿ ನಕ್ಕಳು. "ಇಷ್ಟು ವಿಷ ಎಲ್ಲಿ ಬಚ್ಚಿಟ್ಟಿದ್ಯೇ?" ಆಮೇಲೆ ಅದೇ ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಯಾರದೋ ತೋಳಿನ ಅಳತೆಗೆ ಕತ್ತರಿಸಿದಳು. ಹಳೆಯ ಪೇಪರೆಲ್ಲ ಅವಳಿಗೆ ಅಳತೆ ಕಾಗದ.

ಫೆಬ್ರವರಿ 20

ಅವನಿಂದ ಉತ್ತರವಿಲ್ಲ. ಓದುಗರ ಪತ್ರಗಳ ಅಂಕಣವನ್ನು ದಿನಾ ನೋಡುತ್ತಿದ್ದೇನೆ. ಹಿಂದಿನ ವಿಮರ್ಶಕರ ಒಂದು ಸಾಲಿಗೆ ಒಂದು ಪುಟ ಉತ್ತರ ಬರೆಯುತ್ತಿದ್ದವನಂತೆ. ನನಗೆ ಮಾತ್ರ ಬಾಯಿ ಕಟ್ಟಿದೆ. ಹೆದರಿದ್ದಾನೆ.

ಮಾರ್ಚ್ 22

ಈ ತಿಂಗಳು ಬೇರೆ ತಂಡಗಳ ನಾಟಕಗಳು. ನಿನ್ನೆಯದು ಒಂದು ಶಾಲೆಯ ಶಿಕ್ಷಕರು ಸೇರಿ ಮಾಡಿದ್ದು. ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ರಾಜನ ಪಾತ್ರದ ಗಣಿತದ ಮೇಷ್ಟ್ರು ಮಾತಾಡುತ್ತಲೇ ಹೋಗಿ, ಅದನ್ನು ಎಳೆದು ಸರಿಮಾಡಿ, ವಾಪಸ್ ಸಿಂಹಾಸನಕ್ಕೆ ಬಂದು ಕೂತರು. ಒಂದು ಕ್ಷಣವೂ ಅವರು ರಾಜನಲ್ಲದೆ ಇರಲಿಲ್ಲ. ತನ್ನ ಮನೆಯ ಪರದೆಯನ್ನು ತಾನೇ ಎಳೆಯಬೇಕಾದ ಬಡ ರಾಜ! ನನಗೆ ಕಣ್ಣಲ್ಲಿ ನೀರು ಬಂತು. ಅದನ್ನೇ ಬರೆದೆ. ಆ ಮೇಷ್ಟ್ರು ಇವತ್ತು ಕಚೇರಿಗೆ ಬಂದು, ನಾನು ಯಾರೆಂದು ತಿಳಿಯದೆ ನನ್ನನ್ನೇ, "ಮೂರನೇ ಸಾಲಿನವರಿಗೆ ನನ್ನ ನಮಸ್ಕಾರ ತಿಳಿಸಿಬಿಡಿ" ಎಂದು ಕೇಳಿಕೊಂಡು ಹೋದರು. ತಿಳಿಸುತ್ತೇನೆ ಅಂದೆ.

ರಂಗಮಂದಿರದಲ್ಲಿ ದೀಪ ಆರಿ ಪರದೆ ಏಳುವ ಮುಂಚಿನ ಕತ್ತಲು ಎಷ್ಟು ಚೆಂದ. ಅಲ್ಲಿ ಯಾರೂ ನನ್ನನ್ನು ಮಾತಾಡು ಅನ್ನುವುದಿಲ್ಲ.

ಏಪ್ರಿಲ್ 12

ಚಿಕ್ಕಮ್ಮನ ಅಂಗಡಿಯಲ್ಲಿ ಇವತ್ತು ನಡೆದದ್ದನ್ನು ಬರೆಯಲೇಬೇಕು. ಹೋದ ತಿಂಗಳು ಒಬ್ಬ ದಢೂತಿ ವಕೀಲರು ಕೋಟು ಹೊಲಿಸಲು ಬಂದಿದ್ದರು. ಅವಳು ಟೇಪು ಹಿಡಿದರೆ, ಬೇಡ, ನನ್ನ ಅಳತೆ ನನಗೆ ಗೊತ್ತು, ಮದುವೆಯಲ್ಲಿ ಹೊಲಿಸಿದ್ದೇ ಅಳತೆ, ಹೆಂಗಸರಿಗೆ ಕೋಟಿನ ವಿಷಯ ಏನು ಗೊತ್ತು ಎಂದು ಏನೇನೋ ಅಂದರು. "ಆಗಲಿ ಸ್ವಾಮಿ" ಅಂದಳು. ಇವತ್ತು ತೊಡಿಸಿದಳು. ಗುಂಡಿ ಹಾಕುವ ಮಾತಿರಲಿ, ಎರಡು ಕೈಯೂ ಹಾರಲು ಹೊರಟ ಹಕ್ಕಿಯ ರೆಕ್ಕೆಯ ಹಾಗೆ ಹಿಂದಕ್ಕೆ ನಿಂತುಬಿಟ್ಟವು.

"ಏನ್ರೀ ಇದು!"

"ನೀವು ಹೇಳಿದ ಅಳತೆಗೇ ಹೊಲಿದಿದೀನಿ. ಒಂದು ನೂಲೂ ಆಚೆ ಈಚೆ ಇಲ್ಲ."

ಟೇಪು ಹಿಡಿದು ತೋರಿಸಿದಳು ಕೂಡ. ಅವರಿಗೆ ಕೋಟಿನಿಂದ ಬಿಡಿಸಿಕೊಳ್ಳಲು ಅವಳದೇ ಸಹಾಯ ಬೇಕಾಯಿತು. ಸೇಡು ಅಂದರೆ ಇದು. ಬೈಗುಳವಿಲ್ಲ, ಕಣ್ಣೀರಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಕೊಡುವುದು.

ಮೇ 3

ಅವನ ಎರಡನೆಯ ನಾಟಕ, ಸಿಪಾಯಿಗಳದ್ದು. ಎಲ್ಲವನ್ನೂ ಜಾಲಾಡಿಸಿದೆ. ಆದರೆ ಉಡುಪು ಚೆನ್ನಾಗಿತ್ತು. ಸುಳ್ಳು ಬರೆಯಲು ಕೈ ಬರಲಿಲ್ಲ: "ಹಿತ್ತಾಳೆ ಗುಂಡಿಯ ಆ ನೀಲಿ ಕೋಟುಗಳನ್ನು ಹೊಲಿದವರಿಗೆ ಮಾತ್ರ ಈ ಸಿಪಾಯಿಗಳು ಯಾರು, ಎಷ್ಟು ದೂರ ನಡೆದು ಬಂದಿದ್ದಾರೆ ಎಂಬುದು ಗೊತ್ತಿತ್ತು."

ಚಿಕ್ಕಮ್ಮನಿಗೆ ಇವತ್ತು ಏನಾಗಿದೆಯೋ, ಬೆಳಗಿನಿಂದ ಗುನುಗುತ್ತಿದ್ದಾಳೆ. ಪೇಪರನ್ನು ಕತ್ತರಿಸದೆ ಬೀರುವಿನ ಒಳಗಿಟ್ಟಳು. ಕೇಳಿದರೆ, "ಈ ವಾರ ಅಳತೆ ಕಾಗದ ಸಾಕಷ್ಟಿದೆ ಕಣೇ" ಅಂದಳು.

ಮೇ 5

ಉಡುಪನ್ನು ಹೊಗಳಿದ್ದು ತಪ್ಪಾಯಿತು. ಅವನಿಗೆ ಸಂತೋಷವಾಗಿರಬಹುದು ಎಂದುಕೊಂಡರೆ ಊಟ ಸೇರುವುದಿಲ್ಲ.

ಜೂನ್ 21

ತಪ್ಪು ತಿದ್ದಿಕೊಂಡೆ. ಈ ಸಲ ಸೂಜಿಯನ್ನೂ ಬಿಡಲಿಲ್ಲ: "ರಾಣಿಯ ನಿಲುವಂಗಿ ರಾಣಿಗಿಂತ ಮೊದಲು ಸತ್ತಿತ್ತು. ಅದನ್ನು ಹೊಲಿದ ಕೈಗಳಿಗೆ ಬಹುಶಃ ದಿಂಬಿನ ಕವರಿನ ಅಭ್ಯಾಸವೇ ಹೆಚ್ಚು." ಕತ್ತರಿ ಸಾರ್ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ನಿಲುವಂಗಿ ನಿಜವಾಗಿ ಅಷ್ಟು ಕೆಟ್ಟದಾಗಿರಲಿಲ್ಲ. ಆದರೆ ಸಾಲು ಹೇಗೆ ಬಂತು ನೋಡಿ!

ಚಿಕ್ಕಮ್ಮನಿಗೆ ಮೈ ಸರಿಯಿಲ್ಲವೇನೋ. ಮಧ್ಯಾಹ್ನವೆಲ್ಲ ಮಷೀನು ಹಾಕಲಿಲ್ಲ. ಮಡಿಲಲ್ಲಿ ನೇರಳೆ ಬಣ್ಣದ ದೊಡ್ಡ ಬಟ್ಟೆಯೊಂದನ್ನು ಹಾಕಿಕೊಂಡು ಹೊಲಿಗೆ ಬಿಚ್ಚುತ್ತಾ ಕೂತಿದ್ದಳು.

"ಯಾವುದದು?"

"ಯಾರೋ ದಿಂಬಿನ ಕವರು ಕೇಳಿದಾರೆ" ಅಂದಳು.

ಜುಲೈ 19

ಅವನ ತಂಡಕ್ಕೆ ಹೊಸ ಹುಡುಗಿ ಬಂದಿದ್ದಾಳೆ. ತಟ್ಟೆ ಹಿಡಿದು ಬರುವ ಪಾತ್ರ. ಕೈ ನಡುಗುತ್ತಿತ್ತು. "ತಟ್ಟೆಯ ಮೇಲಿನ ಲೋಟಗಳು ಆಕೆಗಿಂತ ಸ್ಪಷ್ಟವಾಗಿ ಮಾತಾಡಿದವು" ಎಂದು ಬರೆದೆ.

ಜುಲೈ 27

ಆ ಹುಡುಗಿ ನಾಟಕ ಬಿಟ್ಟಳಂತೆ. ಕತ್ತರಿ ಸಾರ್ ಹೇಳಿದರು. "ಪಾಪ, ಮೊದಲನೇ ಸಲ ಅಲ್ವಾ" ಅಂದರು.

"ಒಂದು ಸಾಲಿಗೆ ಬಿಡೋಳು ನಾಳೆ ಹೇಗಿದ್ರೂ ಬಿಡ್ತಿದ್ದಳು ಸಾರ್. ಮುಂದಿನವರು ಬರಲಿ" ಅಂದೆ.

ಇತ್ತೀಚೆಗೆ ನನ್ನ ಮಾತು ಎಷ್ಟು ಸರಾಗವಾಗಿ ಬರುತ್ತದೆ! ಜನವರಿಯಲ್ಲಿ ಇವರ ಮೇಜಿನ ಹತ್ತಿರ ನಿಲ್ಲಲೂ ಹೆದರುತ್ತಿದ್ದೆ.

ಆಗಸ್ಟ್ 30

ಮೂರನೇ ಸಾಲು ಯಾರೆಂದು ಈಗ ಎಲ್ಲರಿಗೂ ಗೊತ್ತು. ನಾನು ಮಂದಿರದ ಒಳಗೆ ಕಾಲಿಟ್ಟರೆ ಬಾಗಿಲ ಬಳಿ ಹರಟುತ್ತಿದ್ದವರು ಸುಮ್ಮನಾಗುತ್ತಾರೆ. ಮಧ್ಯಂತರದಲ್ಲಿ ಚಹಾ ಅಂಗಡಿಯವನಿಗೆ ನಾನು ಬಂದದ್ದು ಕಾಣಲಿಲ್ಲ. ಚಿಟಿಕೆ ಹೊಡೆದೆ. ಓಡಿ ಬಂದ.

ಗಣಿತದ ಮೇಷ್ಟ್ರು ತಮ್ಮ ಹೊಸ ನಾಟಕಕ್ಕೆ ಕರೆಯಲು ಮನೆಗೇ ಬಂದಿದ್ದರು. ನನಗೆ ಪುರಸೊತ್ತಿಲ್ಲ. ಆ ದಿನ ಅವನ ನಾಟಕವಿದೆ.

ಅಕ್ಟೋಬರ್ 18

ಸಿಕ್ಕಿದ! ಅವನು ಅಂಗಿ ನಾಟಕವನ್ನು ಮತ್ತೆ ಆಡಿಸುತ್ತಾನಂತೆ, ನವೆಂಬರಿನಲ್ಲಿ. ಅವನಿಗೆ ಹೆಸರು ತಂದುಕೊಟ್ಟದ್ದೇ ಅದು. ನಾನು ಕಾಲೇಜಿನಲ್ಲಿದ್ದಾಗ ಎರಡು ಸಲ ನೋಡಿದ್ದೇನೆ, ಪಾಠವಾಗಿಯೂ ಓದಿದ್ದೇನೆ. ಮುಷ್ಕರದಲ್ಲಿ ಸತ್ತ ಹುಡುಗನ ಗುರುತು ಹಿಡಿಯಲು ಪೊಲೀಸರು ಅವನ ಅಂಗಿಯನ್ನು ಮನೆಮನೆಗೆ ತರುತ್ತಾರೆ. ಗುರುತು ಹೇಳಿದರೆ ಅವನ ಗೆಳೆಯರೆಲ್ಲ ಸಿಕ್ಕಿಬೀಳುತ್ತಾರೆ. ನಾಟಕದುದ್ದಕ್ಕೂ ಎಲ್ಲರ ಬಾಯಲ್ಲಿರುವ ತಾಯಿ ಕೊನೆಯ ದೃಶ್ಯದಲ್ಲಷ್ಟೇ ಬರುತ್ತಾಳೆ. ಮಗನ ಅಂಗಿಯನ್ನು ನೋಡಿ "ಅಲ್ಲ, ನನ್ನ ಮಗನದಲ್ಲ" ಅನ್ನಬೇಕು. ಅಲ್ಲಿಗೆ ಪರದೆ.

ಆ ಪಾತ್ರ ಮೊದಲಿನಿಂದಲೂ ಒಬ್ಬ ಹಿರಿಯ ನಟಿಯದು. ಆಕೆ ಅಂಗಿಯನ್ನು ಎದೆಗೆ ಅವುಚಿಕೊಂಡು, ಎಡ ಮೂಲೆಗೆ ಓಡಿ, ಮಂಡಿಯೂರಿ, ಹಣೆಗೆ ಬಲಗೈ ಬಡಿದುಕೊಂಡು ತುತ್ತೂರಿಯ ಹಾಗೆ ಕೂಗುತ್ತಾಳೆ. ಅಷ್ಟೆಲ್ಲ ಕೂಗಿ "ಅಲ್ಲ" ಅಂದರೆ ಯಾವ ಪೊಲೀಸು ನಂಬುತ್ತಾನೆ? ಜನ ಮಾತ್ರ ಚಪ್ಪಾಳೆ ತಟ್ಟುತ್ತಾರೆ.

ಈ ಒಂದು ವಿಮರ್ಶೆಯಿಂದ ಅವನ ಬೆನ್ನುಮೂಳೆ ಮುರಿಯುತ್ತೇನೆ.

ನವೆಂಬರ್ 12

ಶನಿವಾರದ ನಾಟಕಕ್ಕೆ ಒಂದು ತೊಂದರೆ. ಅಂಗಿ ನಾಟಕ ಉದ್ದ. ಪೂರ್ತಿ ನೋಡಿ ಕಚೇರಿಗೆ ಓಡಿದರೆ ಪುಟ ಅಚ್ಚಿಗೆ ಹೋಗಿಬಿಟ್ಟಿರುತ್ತದೆ. ಮುಂದಿನ ವಾರ ಹಾಕೋಣವೇ ಅಂದರು ಕತ್ತರಿ ಸಾರ್. ಮುಂದಿನ ವಾರದ ಹೊತ್ತಿಗೆ ಊರೆಲ್ಲ ಹೊಗಳಿ ಮುಗಿಸಿರುತ್ತದೆ. ಆಗುವುದಿಲ್ಲ ಅಂದೆ.

ಎರಡನೆಯ ಅರ್ಧದ ವಿಮರ್ಶೆಯನ್ನು ಇವತ್ತೇ ಬರೆದಿಟ್ಟೆ. ಹೊಸದೇನಿರುತ್ತದೆ? ಅದೇ ನಟಿ, ಅದೇ ಓಟ, ಅದೇ ಮಂಡಿ. ಮಧ್ಯಂತರಕ್ಕೆ ಎದ್ದು ಬಂದು ಮೊದಲರ್ಧ ಸೇರಿಸಿದರೆ ಮುಗಿಯಿತು. ಕೊನೆಯ ಸಾಲು ನಾನು ಈ ವರ್ಷ ಬರೆದದ್ದರಲ್ಲೇ ಹರಿತವಾದದ್ದು. ನಾಲ್ಕು ಸಲ ಜೋರಾಗಿ ಓದಿಕೊಂಡೆ.

ಸಂಜೆ ಚಿಕ್ಕಮ್ಮ ಏನೂ ಕಾರಣವಿಲ್ಲದೆ ಕೇಳಿದಳು, "ನಾಟಕ ಪೂರ್ತಿ ನೋಡೇ ತಾನೇ ಬರೆಯೋದು ನೀನು?"

"ಮತ್ತೆ?"

"ಏನಿಲ್ಲ, ಸುಮ್ನೆ ಕೇಳ್ದೆ."

ನವೆಂಬರ್ 14

ಕೊಟ್ಟು ಬಂದೆ. ಮಧ್ಯಂತರದ ಗಂಟೆ ಹೊಡೆಯುವಾಗಲೇ ಎದ್ದೆ. ಪಕ್ಕದ ಬಾಗಿಲ ಬಳಿ ಏನೋ ಗಲಾಟೆ, ಯಾರೋ ಮೆಟ್ಟಿಲಲ್ಲಿ ಜಾರಿದ್ದರು. ನಿಲ್ಲಲಿಲ್ಲ.

ಚಿಕ್ಕಮ್ಮ ಮನೆಯಲ್ಲಿರಲಿಲ್ಲ. ಬಂದಾಗ ಮುಖ ಕೆಂಪಾಗಿತ್ತು, ಕೂದಲಲ್ಲೆಲ್ಲ ಬಿಳಿ ಪುಡಿ. ನನ್ನ ಮುಖವನ್ನೇ ನೋಡುತ್ತಾ ನಿಂತಳು, ನಾನೇನೋ ಹೇಳಬೇಕು ಅನ್ನುವ ಹಾಗೆ.

"ಎಲ್ಲಿಗೆ ಹೋಗಿದ್ದೆ?" ಅಂದೆ.

ಮುಖದಲ್ಲಿ ನಗು ಬಂತು. "ಆಹಾ, ನಾಟಕ ನೋಡು ಇವಳದ್ದು! ಆಯ್ತು, ಪೇಪರಲ್ಲೇ ಓದ್ತೀನಿ ಬಿಡು" ಅಂದು ಒಳಗೆ ಹೋದಳು. ಏನೂ ಅರ್ಥವಾಗಲಿಲ್ಲ.

ನವೆಂಬರ್ 15

ನಾನು ಏಳುವ ಮುಂಚೆಯೇ ಚಿಕ್ಕಮ್ಮ ಎದ್ದು ಪೇಪರಿನವನಿಗಾಗಿ ಹೊರಗೆ ನಿಂತಿದ್ದಳು. ಎಂದೂ ಹೀಗೆ ನಿಂತವಳಲ್ಲ. ನಾನು ಹಲ್ಲುಜ್ಜಿ ಬರುವ ಹೊತ್ತಿಗೆ ಮೇಜಿನ ಮೇಲೆ ಪುರವಣಿ ಬಿಚ್ಚಿತ್ತು.

"ಓದಿದ್ಯಾ? ಹೇಗಿದೆ?"

"ಓದಿದೆ."

ಅಷ್ಟೇ. ಮಷೀನಿನ ಮುಂದೆ ಹೋಗಿ ಕೂತಳು. ದಿನವೆಲ್ಲ ಒಂದು ಮಾತಿಲ್ಲ. ಮಷೀನಿಗೆ ದಾರವೂ ಹಾಕದೆ ಸುಮ್ಮನೆ ತುಳಿಯುತ್ತಿದ್ದಳು.

ವಿಮರ್ಶೆ ಚೆನ್ನಾಗಿಯೇ ಬಂದಿದೆ. ಕೊನೆಯ ಸಾಲುಗಳು: "ತಾಯಿ ಬಂದಳು, ಅಂಗಿಯನ್ನು ಅವುಚಿಕೊಂಡಳು, ಎಡ ಮೂಲೆಗೆ ಓಡಿದಳು, ಮಂಡಿಯೂರಿ ಹಣೆ ಬಡಿದುಕೊಂಡು ತುತ್ತೂರಿಯಂತೆ ಕೂಗಿದಳು. ಈ ಹೆಂಗಸು ಜನ್ಮದಲ್ಲಿ ಯಾರನ್ನೂ ಸಾಕಿದವಳಲ್ಲ ಎನ್ನುವುದು ಆ ಒಂದೇ ಕೂಗಿನಿಂದ ಗೊತ್ತಾಯಿತು."

ನವೆಂಬರ್ 16

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಕತ್ತರಿ ಸಾರ್ ಬಾಗಿಲು ಹಾಕಿಸಿ ಕೂರಿಸಿದರು. "ಬೆಳಗಿನಿಂದ ಫೋನ್ ಇಡೋಕೆ ಬಿಟ್ಟಿಲ್ಲ ಜನ. ಕೊನೇ ತನಕ ಕೂತಿದ್ಯಾ ನೀನು?"

"ಯಾಕೆ ಸಾರ್?"

"ಕೂತಿದ್ಯಾ ಇಲ್ವಾ?"

ಮೇಜಿನ ಮೇಲಿದ್ದ ಪುರವಣಿಯನ್ನು ಮಡಿಸತೊಡಗಿದೆ.

"ಮಧ್ಯಂತರದಲ್ಲಿ ಆ ಹಿರಿಯ ನಟಿ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದಾರೆ. ಆಸ್ಪತ್ರೆಯಲ್ಲಿದಾರೆ. ಪರದೆ ಮುಂದೆ ಬಂದು ಹೇಳಿದಾರೆ ಕಣಮ್ಮ, ಬೇರೆಯವರು ಮಾಡ್ತಾರೆ ಅಂತ. ತಂಡಕ್ಕೆ ಬಟ್ಟೆ ಹೊಲಿಯೋ ಹೆಂಗಸು ಬಂದು ಆ ದೃಶ್ಯ ಮಾಡಿದಾರೆ. ಓಡಲಿಲ್ಲ, ಕೂಗಲಿಲ್ಲ. ನನ್ನ ಹೆಂಡತಿ ಅಲ್ಲೇ ಇದ್ದಳು, ಇನ್ನೂ ಅದನ್ನೇ ಹೇಳ್ಕೊಂಡು ಅಳ್ತಿದಾಳೆ. ನೀನು ನೋಡಿದ್ರೆ ತುತ್ತೂರಿ ಅಂತ ಬರೆದಿದೀಯ."

ಬಟ್ಟೆ ಹೊಲಿಯುವ ಹೆಂಗಸು. ನೀಲಿ ಕೋಟು. ನೇರಳೆ ನಿಲುವಂಗಿ. ಕೂದಲಲ್ಲಿ ಪೌಡರು.

ಇಡೀ ವರ್ಷ ಮೂರನೇ ಸಾಲಿನಿಂದ ಪ್ರತಿಯೊಬ್ಬರ ಕಿರುಬೆರಳನ್ನೂ ನೋಡಿದ ನಾನು ನನ್ನ ಮನೆಯ ಮುಂದಿನ ಕೋಣೆಯಲ್ಲಿ ಏನು ಹೊಲಿಯುತ್ತಿದ್ದಾರೆಂದು ನೋಡಲಿಲ್ಲ.

ಅಂಕಣ ನಿಂತಿತು. "ನಿರ್ದೇಶಕ ಮೇಷ್ಟ್ರು ಒಂದು ಫೋನೂ ಮಾಡಿಲ್ಲ. ಅದಕ್ಕೇ ನನಗೆ ಭಯ" ಅಂದರು.

ನವೆಂಬರ್ 17

ಮಾತಿಲ್ಲ.

ನವೆಂಬರ್ 20

ಚಿಕ್ಕಮ್ಮ ಊಟಕ್ಕೆ ತಟ್ಟೆ ಇಡುತ್ತಾಳೆ. ಬಟ್ಟೆ ಒಣಗಿಸುತ್ತಾಳೆ. ನಾನು ಎದುರು ನಿಂತರೆ ಸೂಜಿಗೆ ದಾರ ಪೋಣಿಸುತ್ತಾಳೆ, ಆಗಲೇ ಪೋಣಿಸಿದ ಸೂಜಿಗೆ.

ಅವಳು ಹೇಗೆ ಮಾಡಿದಳೆಂದು ಊರಿಗೆಲ್ಲ ಗೊತ್ತು. ಟಿಕೆಟ್ ಹರಿಯುವವನನ್ನು ಕೇಳಿದೆ. "ಅಂಗಿ ಹಿಡ್ಕೊಂಡ್ರು. ಅಷ್ಟೇ. ಆದರೆ ಅಬ್ಬಾ!" ಅಂದ. ಚಹಾ ಅಂಗಡಿಯವನನ್ನು ಕೇಳಿದೆ. "ನಿಮಗೆ ಗೊತ್ತಿರಬೇಕಲ್ಲಮ್ಮ, ಬರೆದವರು ನೀವೇ" ಅಂದು ಬೇರೆ ಗಿರಾಕಿಯ ಕಡೆ ತಿರುಗಿದ.

ಸರಿಯಾಗಿ ಹೇಳಬಲ್ಲ ಮನುಷ್ಯ ಒಬ್ಬನೇ. ಅವನ ಹತ್ತಿರ ಹೋಗುವುದಕ್ಕಿಂತ ನಾಲಿಗೆ ಕತ್ತರಿಸಿಕೊಳ್ಳುವುದು ಮೇಲು.

ನವೆಂಬರ್ 24

ಹೋದೆ.

ಅದೇ ಕೋಣೆ, ಕೆಳಗಿನ ಬಣ್ಣದ ಅಂಗಡಿಯ ಅದೇ ಟರ್ಪೆಂಟೈನ್ ವಾಸನೆ. ದೀಪದವನು ದೂರದ ಮೂಲೆಯಲ್ಲಿ ಏಣಿ ಹತ್ತಿ ಬಲ್ಬು ಬದಲಾಯಿಸುತ್ತಿದ್ದ. ನಿರ್ದೇಶಕರು ಅದೇ ಕೊನೆಯ ಕುರ್ಚಿಯಲ್ಲಿದ್ದರು. ನಾನು ಜನವರಿಯಲ್ಲಿ ನಿಂತ ಜಾಗದಲ್ಲೇ ನಿಂತೆ.

"ಚಿಕ್ಕಮ್ಮ ಆ ದಿನ ಹೇಗೆ ಮಾಡಿದಳು?"

"ಕೇಳಿಸಲಿಲ್ಲ" ಅಂದರು.

"ಚಿಕ್ಕಮ್ಮ ಆ ದಿನ ಹೇಗೆ ಮಾಡಿದಳು, ಹೇಳಿ!"

"ಕೇಳಿಸಲಿಲ್ಲ."

ಕೇಳಿದೆ. ಗಂಟಲು ಹರಿಯುವ ಹಾಗೆ ಕೇಳಿದೆ. ಏಣಿಯ ಮೇಲಿಂದ ದೀಪದವನು ಅಂದ, "ಅಯ್ಯೋ ಮೇಷ್ಟ್ರೇ, ಬಿಡಿ ಸಾಕು, ಕೆಳಗೆ ಬಣ್ಣದ ಅಂಗಡಿಯೋರಿಗೂ ಕೇಳಿಸ್ತು."

ಅವರು ನಗಲಿಲ್ಲ. "ಹೌದು. ಈಗ ಯಾವ ಮಂದಿರಕ್ಕಾದ್ರೂ ಸಾಕು ನಿನ್ನ ಗಂಟಲು. ಕೆಲಸದವಳ ಪಾತ್ರ ಬೇಕಿದ್ರೆ ಇವತ್ತೇ ಕೊಡ್ತೀನಿ" ಅಂದರು.

ನಾನು ಅಲ್ಲಾಡಲಿಲ್ಲ. ಆಮೇಲೆ ಅವರು ಎದ್ದು ಬಂದು, ಹೆಗಲ ಮೇಲಿನ ಶಾಲನ್ನು ಅಂಗಿಯ ಹಾಗೆ ಕೈಯಲ್ಲಿ ಹಿಡಿದು ತೋರಿಸಿದರು. "ಪೊಲೀಸು ಅಂಗಿ ಕೊಟ್ಟ. ನಿಮ್ಮ ಚಿಕ್ಕಮ್ಮ ಅದರ ಗುಂಡಿಗಳನ್ನ ಒಂದೊಂದಾಗಿ ಹಾಕ್ತಾ ಹೋದ್ರು, ಕುತ್ತಿಗೆ ತನಕ, ಮಗೂನ ಶಾಲೆಗೆ ಕಳಿಸೋರ ಹಾಗೆ. ಕಾಲರ್ ಸರಿ ಮಾಡಿದ್ರು. ಆಮೇಲೆ 'ಅಲ್ಲ' ಅಂದ್ರು. ಎಷ್ಟು ಮೆತ್ತಗೆ ಅಂದ್ರೆ, ಇಡೀ ಮಂದಿರ ಮುಂದಕ್ಕೆ ಬಗ್ಗಿತು. ಕೊನೇ ಸಾಲಿನೋರು ಉಸಿರು ಬಿಗಿ ಹಿಡಿದು ಕೇಳಿಸ್ಕೊಂಡ್ರು. ಆ ಧ್ವನಿ ಅವರದ್ದಲ್ಲ. ಅವರದ್ದು ನಿನಗೇ ಗೊತ್ತಲ್ಲ, ಸಂತೆ ಗಂಟಲು. ಇದು ಎಲ್ಲಿಂದ ತಂದ್ರಿ ಅಂತ ಕೇಳಿದೆ. 'ನಮ್ಮ ಮನೇಲಿ ಒಂದು ಹುಡುಗಿ ಇದ್ದಳು, ಹೀಗೇ ಮಾತಾಡ್ತಿದ್ದಳು' ಅಂದ್ರು."

ಇದ್ದಳು.

ಹೊರಡುವಾಗ ಕೇಳಿದೆ, "ನೀವು ಯಾಕೆ ಒಂದು ಸಲವೂ ಉತ್ತರ ಬರೀಲಿಲ್ಲ?"

"ಬರೆಯೋಕೆ ಕೈ ತುರಿಸ್ತಿತ್ತು. ಕುರ್ಚಿ ಅಭಿನಯ ಅಂದೋಳು ನೀನೇ ಅಂತ ಮೊದಲ ವಾರವೇ ಗೊತ್ತಾಯ್ತು. ಆಮೇಲೆ ನಿಮ್ಮ ಚಿಕ್ಕಮ್ಮ ಬಂದ್ರು, ಬಟ್ಟೆ ನಾನು ಹೊಲಿದುಕೊಡ್ತೀನಿ, ಹುಡುಗಿ ಏನೇ ಬರೆದ್ರೂ ನೀವು ತಿರುಗಿ ಏನೂ ಅನ್ನಬಾರದು ಅಂದ್ರು. ಅಂಥ ಕೈ ನನಗೆ ಬೇರೆಲ್ಲಿ ಸಿಗತ್ತೆ? ಬಾಯಿ ಮುಚ್ಚಿಕೊಂಡೆ."

ಈ ಮನುಷ್ಯನನ್ನು ನಾನು ಕ್ಷಮಿಸಿಲ್ಲ. ಬರೆದಿಟ್ಟಿರಲಿ.

ನವೆಂಬರ್ 29

ನಟಿಯ ಕಾಲಿಗೆ ಇನ್ನೂ ಪಟ್ಟಿ ಇದೆ. ಐದನೇ ತಾರೀಕು ಮತ್ತೆ ಅಂಗಿ ನಾಟಕ, ತಾಯಿ ಮತ್ತೆ ಚಿಕ್ಕಮ್ಮ. ಬೀದಿಯ ಗೋಡೆಗೆ ಪೋಸ್ಟರ್ ಅಂಟಿಸಿದ್ದಾರೆ. ಧೈರ್ಯ ಮಾಡಿ ಅವಳ ಮುಂದೆ ನಿಂತೆ.

"ಒಂದೇ ಒಂದು ಸಲ ಇಲ್ಲಿ ಮಾಡಿ ತೋರಿಸು ಚಿಕ್ಕಮ್ಮ."

ಇಷ್ಟು ದಿನದ ಮೇಲೆ ಮೊದಲ ಮಾತು: "ಟಿಕೆಟ್ ತಗೊಂಡು ಬಾ. ಕೊನೇ ತನಕ ಕೂತ್ಕೋ."

ಡಿಸೆಂಬರ್ 6

ನಿನ್ನೆ ಮಂದಿರ ತುಂಬಿತ್ತು. ನನಗೆ ಸಿಕ್ಕಿದ್ದು ಕೊನೆಯ ಸಾಲು. ಸುದ್ದಿ ಹಬ್ಬಿ ಜನ ಆ ಒಂದು ದೃಶ್ಯಕ್ಕೇ ಬಂದಿದ್ದರು. ತಾಯಿ ಬರುವ ಹೊತ್ತಿಗೆ ಒಬ್ಬರೂ ಕೆಮ್ಮಲಿಲ್ಲ. ಎಲ್ಲರೂ ಮುಂದಕ್ಕೆ ಬಗ್ಗಿದರು. ನಾನೂ ಬಗ್ಗಿದೆ.

ಚಿಕ್ಕಮ್ಮ ಅಂಗಿ ಇಸಿದುಕೊಂಡಳು. ನೋಡಿದಳು. ಮೊದಲ ಗುಂಡಿಯ ಮೇಲೆ ಬೆರಳಿಟ್ಟಳು.

ಆಮೇಲೆ ಅದನ್ನು ಎದೆಗೆ ಅವುಚಿಕೊಂಡಳು. ಎಡ ಮೂಲೆಗೆ ಓಡಿದಳು. ಮಂಡಿಯೂರಿದಳು. ಬಲಗೈಯಿಂದ ಹಣೆ ಬಡಿದುಕೊಂಡು, ಮಷೀನಿನ ಸದ್ದಿನ ಮೇಲೆ ಮಾತಾಡಿ ಬಲಿತ ಆ ಗಂಟಲಿನಲ್ಲಿ, ತುತ್ತೂರಿಯ ಹಾಗೆ ಕೂಗಿದಳು. "ಅಲ್ಲಾ! ನನ್ನ ಮಗನದಲ್ಲಾ!"

ಯಾರೋ ಕಿಸಕ್ಕೆಂದರು. ಇನ್ಯಾರೋ ಎದ್ದು ಹೊರಟರು. ಪರದೆ ಎಂದಿಗಿಂತ ಬೇಗ ಬಿತ್ತು. ಒಳಗಿನಿಂದ ನಿರ್ದೇಶಕರ ಕೂಗಾಟ ಕೊನೆಯ ಸಾಲಿಗೂ ಕೇಳಿಸುತ್ತಿತ್ತು.

ಇವತ್ತು ಬೆಳಿಗ್ಗೆ ಕೇಳಿದೆ, "ಯಾಕೆ ಹಾಗೆ ಮಾಡಿದೆ?"

ಅವಳು ಮಷೀನಿನ ಕೆಳಗಿನ ಖಾನೆಯಿಂದ ನವೆಂಬರ್ ಹದಿನೈದರ ಪುರವಣಿ ತೆಗೆದು ನನ್ನ ಮುಂದೆ ಹರಡಿದಳು. ಅದೊಂದನ್ನು ಕತ್ತರಿಸಿರಲಿಲ್ಲ. ನನ್ನ ಸಾಲುಗಳ ಕೆಳಗೆಲ್ಲ ಸೀಮೆಸುಣ್ಣದ ಗೆರೆ: ಅವುಚಿಕೊಂಡಳು, ಎಡ ಮೂಲೆ, ಮಂಡಿ, ಹಣೆ, ತುತ್ತೂರಿ.

"ನೀನು ಹೇಳಿದ ಅಳತೆಗೇ ಮಾಡಿದೀನಿ" ಅಂದಳು. "ಒಂದು ನೂಲೂ ಆಚೆ ಈಚೆ ಇಲ್ಲ. ಹೋಗು, ನಿಮ್ಮ ಸಾರ್‌ಗೆ ಹೇಳು, ನೀನು ಬರೆದಿದ್ದೆಲ್ಲ ನಿಜ, ಊರಿಗೂರೇ ನೋಡಿದೆ ಅಂತ. ಅಂಕಣ ವಾಪಸ್ ಕೊಡ್ತಾರೆ."

"ಮತ್ತೆ ನೀನು?"

"ನಾನೇನು? ಪಾತ್ರಾನೂ ಬೇಡ, ಬಟ್ಟೇನೂ ಬೇಡ, ಈ ಕಡೆ ತಲೆ ಹಾಕಬೇಡಿ ಅಂದ್ರು ಮೇಷ್ಟ್ರು. ನನಗೆ ದಿಂಬಿನ ಕವರೇ ಬೇಕಾದಷ್ಟಿದೆ ಕಣೇ."

ಸೀಮೆಸುಣ್ಣದ ಗೆರೆಗಳನ್ನು ಮತ್ತೆ ನೋಡಿದೆ. ಒಂದೇ ಒಂದು ಸಾಲಿನ ಕೆಳಗೆ ಗೆರೆ ಇರಲಿಲ್ಲ. ಕೊನೆಯ ಸಾಲು. ಯಾರನ್ನೂ ಸಾಕಿದವಳಲ್ಲ ಎಂದು ಬರೆದದ್ದು.

ಅವಳು ತಿರುಗಿ ಕೂತು ಮಷೀನು ಶುರುಮಾಡಿದಳು. ಬೆನ್ನ ಹಿಂದೆ ನಿಂತು ಹೇಳಿದೆ. ಹೇಳಬೇಕಾದದ್ದು ಎರಡೇ ಮಾತು, ಹೇಳಿದೆ.

"ಏನಂದೆ?" ಅಂದಳು ತಿರುಗದೆ. "ಕೇಳಿಸಲಿಲ್ಲ."

ಇನ್ನೊಮ್ಮೆ ಹೇಳಿದೆ. ಮಷೀನು ಓಡುತ್ತಲೇ ಇತ್ತು. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಈಗಲೂ ಓಡುತ್ತಿದೆ. ಅದು ನಿಂತ ಮೇಲೆ ಮತ್ತೆ ಹೋಗಿ ಹೇಳುತ್ತೇನೆ.